ಮೂರು ವಿಂಗ್, ಎರಡು ಫಾಯಿಲ್, ಎರಡೂವರೆ ಗಂಟೆ: ಡೆಮೊ ಮಧ್ಯಾಹ್ನ ಯಾವುದನ್ನ ಮೊದಲು ನೋಡೋದು?

ಹಾಸನದ_ಹುಡುಗ:
ಶನಿವಾರ ಮಧ್ಯಾಹ್ನ 2:30ರಿಂದ 5ರ ತನಕ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ದಡದ ಫಾಸ್ಟರ್ ಸಿಟಿ ಥರ್ಡ್ ಅವೆನ್ಯೂನಲ್ಲಿ ವಿಂಗ್ ಫಾಯಿಲಿಂಗ್ (ಗಾಳಿ ತುಂಬಿದ ವಿಂಗ್ ಕೈಲಿ ಹಿಡಿದು, ಬೋರ್ಡಿನಡಿಯ ಫಾಯಿಲ್ ಬಲದಲ್ಲಿ ನೀರಿಂದ ಮೇಲೆದ್ದು ಓಡೋ ಆಟ) ಡೆಮೊ ಸಾಮಾನು ಸಿಗ್ತಿದೆ. ಕೈಯಲ್ಲಿ ಹಿಡಿಯೋ ವಿಂಗ್ ಮೂರು: 4.2 ಚದರ ಮೀಟರಿನದು ಒಂದು, 5.0 ಎರಡು (ಒಂದಕ್ಕೆ ಹಿಡಿಯೋಕೆ ಬೂಮ್ ಅಂದ್ರೆ ಉದ್ದದ ಕೋಲು, ಇನ್ನೊಂದಕ್ಕೆ ಎರಡು ಹಿಡಿಕೆ). ಫಾಯಿಲ್‌ಗೆ ಮುಂದಿನ ವಿಂಗ್ ಎರಡು: 1250 ಮತ್ತು 1700 ಚದರ ಸೆಂಟಿಮೀಟರ್. ಬೋರ್ಡ್ ನನ್ನದೇ, 110 ಲೀಟರ್. ಮಾಸ್ಟ್ (ಬೋರ್ಡಿಗೂ ಫಾಯಿಲ್‌ಗೂ ನಡುವಿನ ಕಂಬ) 75 ಸೆಂ.ಮೀ. ನನ್ನ ತೂಕ 78 ಕೆಜಿ.

ಈಗ ಓಡಿಸ್ತಿರೋದು ಬಾಡಿಗೆಯ 2000ದ ಫಾಯಿಲ್. ಏಳೋದು ಕಷ್ಟ ಇಲ್ಲ. ಎದ್ದು ನೂರು ಮೀಟರ್ ಹೋಗೋಷ್ಟರಲ್ಲಿ ಬೋರ್ಡಿನ ಮೂತಿ ಏರ್ತಾ ಏರ್ತಾ ಫಾಯಿಲ್ ನೀರಿಂದ ಹೊರಗೆ ಬಂದು ಧೊಪ್. ಕೊಳ್ಳೋದು ಒಂದು ವಿಂಗ್, ಒಂದು ಫಾಯಿಲ್. ಇಷ್ಟು ಸಮಯದಲ್ಲಿ ಯಾವುದನ್ನ ಯಾವ ಕ್ರಮದಲ್ಲಿ ನೋಡ್ಲಿ?

ಅರ್ಧಂಬರ್ಧ:
ವಿಂಗ್ ಅಂದ್ರೆ ಕೈದಾ, ಕಾಲ್ಕೆಳಗಿಂದಾ? ಎರಡು ಸಲ ಓದಿದ್ರೂ ಗೊತ್ತಾಗ್ಲಿಲ್ಲ.

ನೀರ್ಕೋಳಿ:
ಈ ಗೊಂದಲ ಪ್ರತಿ ಥ್ರೆಡ್ಡಲ್ಲೂ ಆಗುತ್ತೆ. ಇಲ್ಲಿ ಮಟ್ಟಿಗೆ ಕೈಲಿರೋದು ಮೇಲ್ರೆಕ್ಕೆ, ನೀರಿನಡಿ ಇರೋದು ಕೆಳರೆಕ್ಕೆ, ಹಿಂದಿನ ಪುಟಾಣಿ ಬಾಲ. ಒಪ್ಪಿಗೇನಾ?

ಅರ್ಧಂಬರ್ಧ:
ಒಪ್ಪಿದೆ. ಬಾಲ ಅಂತೂ ಸೂಪರ್.

ಹುಬ್ಬಳ್ಳಿ_ಮಂದಿ:
ಹೆಸರು ಏನರ ಇಡ್ರಿ, ಮೊದಲು ಅವರ ತ್ರಾಸ ನೋಡ್ರಿ. ಮೂತಿ ಏರಾಕತ್ತದ ಅಂದ್ರ ಅದು ಮೇಲ್ರೆಕ್ಕಿ ತಪ್ಪಲ್ಲ. ಮಾಸ್ಟ್ ಭಾಳ ಮುಂದ ಕುಂತದ, ಇಲ್ಲಾ ಹಿಂಗಾಲಿನ ಮ್ಯಾಲೆ ಭಾರ ಬಿದ್ದದ. ಅದನ್ನ ಸರಿ ಮಾಡದ ಹತ್ತು ರೆಕ್ಕಿ ಬದಲಿ ಮಾಡಿದ್ರೂ ಹತ್ತೂ ಸಲ ಬೀಳ್ತೀರಿ.

ಬೋಲ್ಟು_ನಟ್ಟು:
ಹುಬ್ಬಳ್ಳಿಯವರು ಹೇಳಿದ್ದು ಸರಿ. ಇದನ್ನ ಡೆಮೊಗೆ ಮುಂಚೆಯೇ ಬಗೆಹರಿಸಿ.

ಬೋರ್ಡ್ ಕೆಳಗೆ ಉದ್ದಕ್ಕೆ ಎರಡು ಟ್ರ್ಯಾಕ್ ಇರುತ್ತಲ್ಲ (ನಡುವಿಂದ ನಡುವಿಗೆ 90 ಮಿ.ಮೀ.), ಮಾಸ್ಟಿನ ತಟ್ಟೆ ಅದರಲ್ಲಿ ನಾಲ್ಕು ಎಂ8 ಬೋಲ್ಟಲ್ಲಿ ಕೂರುತ್ತೆ. ಈಗ ಎಲ್ಲಿದೆ ಅಂತ ಮಾರ್ಕರ್‌ನಲ್ಲಿ ಗೆರೆ ಎಳೀರಿ. ಮೂತಿ ಏರ್ತಿದ್ರೆ ಮಾಸ್ಟನ್ನ 1 ಸೆಂ.ಮೀ. ಹಿಂದಕ್ಕೆ. ನಾಲ್ಕೈದು ಸಲ ಓಡಿಸಿ, ಇನ್ನೂ ಏರಿದ್ರೆ ಮತ್ತೆ 1 ಸೆಂ.ಮೀ. ಒಂದೇ ಸಲಕ್ಕೆ 3-4 ಸೆಂ.ಮೀ. ತಳ್ಳಿದ್ರೆ ಆ ಕಡೆ ತಪ್ಪು ಶುರುವಾಗುತ್ತೆ: ಏಳೋದೇ ಇಲ್ಲ, ಎದ್ರೂ ಮೂತಿ ನೀರಿಗೆ ಕುಟ್ಟುತ್ತೆ.

ಬಹಳ ಜನ ಎಡವೋದು ಒಂದು ಕಡೆ. ಮಾಸ್ಟ್ ಸರಿಸಿ, ಕಾಲನ್ನೂ ಅಷ್ಟೇ ಸರಿಸ್ತಾರೆ. ಆಗ ಏನೂ ಬದಲಾಗ್ಲಿಲ್ಲ ಅಂತಾನೇ ಲೆಕ್ಕ. ಹಿಂಗಾಲು ಎಲ್ಲಿ ಇಡ್ತೀರೋ ಅಲ್ಲಿ ಡೆಕ್ ಪ್ಯಾಡ್ ಮೇಲೆ ಒಂದು ತುಂಡು ಟೇಪ್ ಹಚ್ಚಿ. ಮಾಸ್ಟ್ ಹಿಂದೆ ಹೋದ್ರೂ ಕಾಲು ಟೇಪಿನ ಮೇಲೇ ಇರಬೇಕು.

ಪಡುಗಾಳಿ:
ಜೊತೆಗೆ 2000 ಅನ್ನೋದೇ ಅರ್ಧ ಕಾಯಿಲೆ. ಎತ್ತುಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ವೇಗ ಎರಡರಷ್ಟಾದ್ರೆ ಎತ್ತು ನಾಲ್ಕರಷ್ಟು. ಅಷ್ಟು ದೊಡ್ಡ ಕೆಳರೆಕ್ಕೆ 12-13 ನಾಟ್‌ನಲ್ಲಿ ನೆಂಟ, 20 ನಾಟ್‌ನಲ್ಲಿ ಶತ್ರು. ಥರ್ಡ್ ಅವೆನ್ಯೂನಲ್ಲಿ ಬೇಸಗೆ ಸಂಜೆ 20 ದಾಟೋದು ಮಾಮೂಲಿ.

ಲೆಕ್ಕ ಬೇಕಾದ್ರೆ: ಒಂದೇ ಥರದ ಆಕಾರ ಅಂದ್ಕೊಂಡ್ರೆ 2000ಕ್ಕೆ ಬೇಕಾದ ವೇಗಕ್ಕಿಂತ 1700ಕ್ಕೆ ಶೇ. 8-9 ಹೆಚ್ಚು ಸಾಕು. 1250ಕ್ಕೆ ಶೇ. 26 ಹೆಚ್ಚು ಬೇಕು. ಈ ಎರಡನೇದು ಸಣ್ಣ ಜಿಗಿತ ಅಲ್ಲ.

ಹಾಸನದ_ಹುಡುಗ:
ಅಂದ್ರೆ 1250 ಬಿಟ್ಟೇಬಿಡ್ಲಾ?

ಪಡುಗಾಳಿ:
ಬಿಡೋದು ಬೇಡ, ಕೊನೆಗಿಡಿ. ಯಾಕೆ ಅಂತ ಹೇಳ್ತೀನಿ. ಡೆಮೊದಲ್ಲಿ ಎಲ್ಲರೂ ಮೋಸ ಹೋಗೋದು ಇಲ್ಲೇ.

ಕೊಲ್ಲಿಯ ಬೇಸಗೆ ಗಾಳಿ ಮಧ್ಯಾಹ್ನದುದ್ದಕ್ಕೂ ಒಂದೇ ಸಮ ಇರಲ್ಲ. ಒಳನಾಡಿನ ಸೆಂಟ್ರಲ್ ವ್ಯಾಲಿ ಕಾಯುತ್ತೆ, ಅಲ್ಲಿ ಒತ್ತಡ ಬೀಳುತ್ತೆ. ಹೊರಗೆ ಪೆಸಿಫಿಕ್ ತಣ್ಣಗಿರುತ್ತೆ. ನಡುವೆ ಬೆಟ್ಟಸಾಲು. ಆ ಸಾಲಲ್ಲಿ ಎಲ್ಲಿ ಕಿಂಡಿ ಇದೆಯೋ ಅಲ್ಲಿ ಗಾಳಿ ನುಗ್ಗುತ್ತೆ: ಗೋಲ್ಡನ್ ಗೇಟ್ ಒಂದು, ನಮ್ಮ ಕಡೆಗೆ ಸ್ಯಾನ್ ಬ್ರೂನೊ ಕಿಂಡಿ ಇನ್ನೊಂದು. ಕೊಯೋಟಿ ಪಾಯಿಂಟ್, ಥರ್ಡ್ ಅವೆನ್ಯೂ ಎರಡಕ್ಕೂ ಬರೋದು ಇದೇ ಎರಡನೇ ಕಿಂಡಿಯ ಗಾಳಿ. ಮಧ್ಯಾಹ್ನ ಶುರುವಾಗಿ ಸಂಜೆ ಹೊತ್ತಿಗೆ ಬಲಿಯುತ್ತೆ.

ಈಗ ನೀವು 2:30ಕ್ಕೆ ಮೊದಲನೇ ವಿಂಗ್ ಹಿಡೀತೀರಿ, 15 ನಾಟ್. 4:30ಕ್ಕೆ ಮೂರನೇದು, 20 ನಾಟ್. ಗಾಳಿಯ ಬಲವೂ ವೇಗದ ವರ್ಗವೇ. 15ರಲ್ಲಿ 5 ಮೀಟರ್ ಎಳೆಯೋಷ್ಟನ್ನ 20ರಲ್ಲಿ 2.8 ಮೀಟರ್ ಎಳೆಯುತ್ತೆ. ಮೂರನೇದು ಯಾವುದೇ ಆಗಿರಲಿ, "ಅಬ್ಬಾ ಏನು ಪವರ್" ಅನ್ಸುತ್ತೆ. ಅದನ್ನೇ ಕೊಂಡ್ಕೊಂಡು ಮನೆಗೆ ಹೋಗ್ತೀರಿ.

ಅದಕ್ಕೆ ಒಂದೇ ಉಪಾಯ: ಮೊದಲು ಹಿಡಿದದ್ದನ್ನ ಕೊನೆಗೆ ಮತ್ತೆ ಹಿಡೀರಿ. ಬೂಮ್ 5.0, ಹಿಡಿಕೆ 5.0, ಮತ್ತೆ ಬೂಮ್ 5.0. ಎರಡು ಬೂಮ್ ಓಟದ ನಡುವಿನ ವ್ಯತ್ಯಾಸ ಗಾಳಿದು. ಅದನ್ನ ಕಳೆದು ಉಳಿದದ್ದು ಮಾತ್ರ ಸಾಮಾನಿಂದು.

ಬೋಲ್ಟು_ನಟ್ಟು:
ಕ್ರಮ ಒಪ್ಪಿದೆ, ಆದ್ರೆ ಮೇಲ್ರೆಕ್ಕೆಯಿಂದ ಶುರು ಮಾಡೋದು ಒಪ್ಪಲ್ಲ. ಅವರ ಕಷ್ಟ ಇರೋದು ಕೆಳಗೆ. ಕೆಳರೆಕ್ಕೆ ಮೊದಲು ನೋಡ್ಬೇಕು.

ಪಡುಗಾಳಿ:
ಕೆಳರೆಕ್ಕೆ ಬದಲಿಸೋಕೆ ಎಷ್ಟು ಹೊತ್ತು? ದಡಕ್ಕೆ ಬಂದು, ಬೋರ್ಡ್ ಮಗುಚಿ, ಮಣ್ಣು ತೊಳೆದು, ಬೋಲ್ಟ್ ಬಿಚ್ಚಿ, ಹಾಕಿ, ಮತ್ತೆ ನೀರಿಗೆ. 15-20 ನಿಮಿಷ. ಮೇಲ್ರೆಕ್ಕೆಗಳನ್ನ ಮೊದಲೇ ಊದಿಟ್ರೆ ಬದಲಿಸೋದು 2 ನಿಮಿಷ. ಎರಡೂವರೆ ಗಂಟೆಯಲ್ಲಿ ಕೆಳರೆಕ್ಕೆ ಒಂದೇ ಸಲ ಬದಲಾಗ್ಬೇಕು.

ಬೋಲ್ಟು_ನಟ್ಟು:
ಒಂದೇ ಸಲ, ಸರಿ. ಹಾಗಾದ್ರೆ 1700 ಹಾಕಿ ಶುರು ಮಾಡ್ಲಿ. ಗಾಳಿ ಕಮ್ಮಿ ಇರೋ ಹೊತ್ತಿಗೆ ದೊಡ್ಡದು, ಬಲಿತ ಮೇಲೆ 1250. ಅದು ತಾನಾಗೇ ಹೊಂದುತ್ತೆ. ಮಾಸ್ಟ್ ಜಾಗ ಮಾತ್ರ ಹೊಸದಾಗಿ ನೋಡ್ಬೇಕು. 2000ಕ್ಕೆ ಎಳೆದ ಗೆರೆ ಬೇರೆ ಕಂಪನಿಯ 1700ಕ್ಕೆ ಲಾಗೂ ಆಗಲ್ಲ, ಫ್ಯೂಸೆಲಾಜ್ (ಕೆಳರೆಕ್ಕೆ, ಬಾಲ ಎರಡನ್ನೂ ಜೋಡಿಸೋ ಕೋಲು) ಮೇಲೆ ಕೆಳರೆಕ್ಕೆ ಎಷ್ಟು ಮುಂದಕ್ಕೆ ಚಾಚಿದೆ ಅನ್ನೋದು ಒಂದೊಂದಕ್ಕೆ ಒಂದೊಂದು ಥರ.

ನೀರ್ಕೋಳಿ:
ಇಬ್ಬರೂ ಒಂದೇ ಮಾತು ಹೇಳ್ಕೊಂಡು ಜಗಳ ಆಡ್ತಿದ್ದೀರಿ 😀

ಮೇಲ್ರೆಕ್ಕೆ ಹೋಲಿಸೋ ಮುಂಚೆ ಗಾಳಿ ಒತ್ತಡ ನೋಡ್ಲೇಬೇಕು. ಡೆಮೊ ಸಾಮಾನು ಬೆಳಗ್ಗೆ ಊದಿ ಬಿಸಿಲಲ್ಲಿ ಬಿಟ್ಟಿರ್ತಾರೆ. ಒಳಗಿನ ಗಾಳಿ 35 ಡಿಗ್ರಿ ಇದ್ದಾಗ ಗೇಜಲ್ಲಿ 8 ಪಿಎಸ್ಐ ಅಂದ್ಕೊಳ್ಳಿ. ನೀರಲ್ಲಿ ನೆನೆದು 15 ಡಿಗ್ರಿಗೆ ಇಳಿದ್ರೆ ಅದೇ ಗಾಳಿ ಸುಮಾರು 6.5 ಪಿಎಸ್ಐ. ಒಂದು ತೂತೂ ಇರಲ್ಲ, ಆದ್ರೂ ವಿಂಗ್ ಮೆತ್ತಗೆ.

ಮೆತ್ತಗಾದ್ರೆ ಗೊತ್ತಾಗೋದು ಹೀಗೆ: ಓಡೋವಾಗ ವಿಂಗನ್ನ ಬೀಸಿ ಬೀಸಿ ಎಳೆದಾಗ ಮುಂದಿನ ಕೊಳವೆ ನಡುವಲ್ಲಿ ಬಾಗುತ್ತೆ, ಎರಡೂ ತುದಿ ಒಳಕ್ಕೆ ಮಡಚುತ್ತೆ, ಎಳೆತ ಹಿಂದಿನ ಕೈಗೆ ಬರುತ್ತೆ. ಜನ ಇದನ್ನೇ "ಈ ಮಾಡೆಲ್ ಸರಿ ಇಲ್ಲ" ಅಂತ ಬರೀತಾರೆ. ಒಂದೊಂದರ ಮೇಲೂ ಎಷ್ಟು ಪಿಎಸ್ಐ ಅಂತ ವಾಲ್ವ್ ಹತ್ತಿರ ಅಚ್ಚು ಹಾಕಿರ್ತಾರೆ, ನಡುಕೊಳವೆಗೆ ಬೇರೆ ನಂಬರ್ ಇರಬಹುದು. ನೀರಿಗೆ ಒಂದು ಸಲ ಅದ್ದಿ ತೆಗೆದು, ಆಮೇಲೆ ಗೇಜ್ ಇರೋ ಪಂಪಿಂದ ಅಷ್ಟಕ್ಕೆ ತನ್ನಿ.

ಅರ್ಧಂಬರ್ಧ:
35 ಡಿಗ್ರಿ ಫಾಸ್ಟರ್ ಸಿಟಿಯಲ್ಲಾ? ಜಾಕೆಟ್ ಹಾಕ್ಕೊಂಡು ನಿಲ್ಲೋ ಜಾಗ ಅದು.

ನೀರ್ಕೋಳಿ:
ಹೊರಗಿನ ಗಾಳಿ ಅಲ್ಲ ಸಾರ್. ಕಪ್ಪು ಬಟ್ಟೆಯ ವಿಂಗ್ ಬಿಸಿಲಲ್ಲಿ ಅರ್ಧ ಗಂಟೆ ಬಿದ್ದಿದ್ರೆ ಒಳಗೆ ಎಷ್ಟು ಕಾಯುತ್ತೆ ಮುಟ್ಟಿ ನೋಡಿ.

ಹಾಸನದ_ಹುಡುಗ:
ಇದು ಯಾರೂ ಹೇಳಿರ್ಲಿಲ್ಲ. ಬೂಮ್ ಮತ್ತು ಹಿಡಿಕೆ ವಿಷಯ? ಯಾವುದು ಒಳ್ಳೇದು?

ಹುಬ್ಬಳ್ಳಿ_ಮಂದಿ:
ಬೂಮ್ ಒಳ್ಳೇದ್ರಿ. ಕೈ ಎಲ್ಲಿ ಬೇಕಾದ್ರೂ ಸರಿಸಬಹುದು. ಒಂದ ಕೈಯಾಗ ಹಿಡದು ಇನ್ನೊಂದ ಕೈ ತೆರವು ಮಾಡಬಹುದು.

ನೀರ್ಕೋಳಿ:
ಒಪ್ಪಲ್ಲ. ಬೂಮ್ ಇದ್ರೆ ತೂಕ ಜಾಸ್ತಿ, ಮಡಚಿದ್ರೂ ಉದ್ದದ ಕೋಲು ಉಳಿಯುತ್ತೆ, ಬಿದ್ದಾಗ ಬೋರ್ಡಿಗೆ ಬಡಿದ್ರೆ ಬೋರ್ಡಿಗೇ ಏಟು. ಗಟ್ಟಿ ಹಿಡಿಕೆ ಬಂದ ಮೇಲೆ ಬೂಮ್ ಯಾಕೆ? ಮೆತ್ತನೆ ಪಟ್ಟಿ ಹಿಡಿಕೆ ಆದ್ರೆ ಮಾತ್ರ ನಿಮ್ಮ ಮಾತು ಸರಿ, ಅದರಲ್ಲಿ ಮಣಿಕಟ್ಟು ತಿರುಚಿ ಅರ್ಧ ಗಂಟೆಗೇ ಮುಂಗೈ ಬಿಗಿಯುತ್ತೆ.

ಹುಬ್ಬಳ್ಳಿ_ಮಂದಿ:
ಗಟ್ಟಿ ಹಿಡಿಕಿ ಇದ್ರೂ ಅದು ಇರೋ ಜಾಗಾ ಕಂಪನಿ ನಿರ್ಧಾರ ಮಾಡ್ತದ. ಮೋಳಕೈ ಉದ್ದ ಇದ್ದವರಿಗೆ ಒಂದು, ಗಿಡ್ಡ ಇದ್ದವರಿಗೆ ಇನ್ನೊಂದು. ಬೂಮಿಗೆ ಆ ರಗಳಿ ಇಲ್ಲ.

ಬೋಲ್ಟು_ನಟ್ಟು:
ಹಿಡಿಕೆಯದನ್ನ ಪರೀಕ್ಷೆ ಮಾಡೋಕೆ ನೀರೇ ಬೇಡ. ದಡದ ಹುಲ್ಲಿನ ಮೇಲೆ ನಿಂತು ಮುಂದಿನ ಹಿಡಿಕೆಯೊಂದನ್ನೇ ಹಿಡಿದು ಗಾಳಿಗೆ ಬಿಡಿ. ಬಾವುಟದ ಹಾಗೆ ನೆಟ್ಟಗೆ ನಿಲ್ಬೇಕು, ಅಡ್ಡಾದಿಡ್ಡಿ ಒದ್ದಾಡಬಾರದು. ಆಮೇಲೆ ಎರಡೂ ಕೈ ಹಾಕಿ ಎಳೀರಿ: ಎರಡೂ ತೋಳಿಗೆ ಸರಿಸಮ ಭಾರ ಬಂದ್ರೆ ಹಿಡಿಕೆ ನಿಮ್ಮ ಅಳತೆಗೆ ಸರಿ ಇದೆ. ಹಿಂದಿನ ಕೈಗೇ ಎಲ್ಲ ಬಂದ್ರೆ ಹಿಡಿಕೆ ಜಾಗ ನಿಮಗಲ್ಲ (ಇಲ್ಲ ಗಾಳಿ ಕಮ್ಮಿ ಊದಿದ್ದಾರೆ, ನೀರ್ಕೋಳಿ ಹೇಳಿದ್ದು ನೋಡಿ). ಐದು ನಿಮಿಷದ ಕೆಲಸ, ಮೂರೂ ವಿಂಗ್ ಹೀಗೆ ನೋಡ್ಬಹುದು.

ಮುಲ್ಕಿ_ಅಳಿವೆ:
ಮಧ್ಯೆ ಒಂದು ಕೇಳ್ತೇನೆ. ಈ ಲೆಕ್ಕ ಊರಿಗೆ ಹೊಂದುತ್ತದಾ ಮಾರಾಯ್ರೇ? ಮಾರ್ಚ್–ಏಪ್ರಿಲ್‌ನಲ್ಲಿ ಮಂಗಳೂರು ಕಡೆ ಮಧ್ಯಾಹ್ನ ಮೇಲೆ ವಾಯವ್ಯದಿಂದ ಕಡಲಗಾಳಿ ಏಳ್ತದೆ, ಆದ್ರೆ ಹೆಚ್ಚಿನ ದಿನ ಹತ್ತು–ಹನ್ನೆರಡು ನಾಟ್ ಅಷ್ಟೇ.

ಪಡುಗಾಳಿ:
ಹೊಂದಲ್ಲ. ಹತ್ತು–ಹನ್ನೆರಡಕ್ಕೆ 78 ಕೆಜಿಯವರಿಗೆ 6 ಮೀಟರ್ ಮೇಲಿನ ವಿಂಗ್ ಬೇಕು, ಕೆಳಗೆ ಅದೇ 1700-2000. ಅಲ್ಲಿ 2000 ನಿಜವಾಗ್ಲೂ ಕೆಲಸಕ್ಕೆ ಬರುತ್ತೆ.

ಮುಲ್ಕಿ_ಅಳಿವೆ:
ಹಾಗಾದ್ರೆ ಅಳಿವೆ ಒಳಗೆ ಮಾಡುದು ಚಂದ, ಅಲೆ ಇಲ್ಲ. ಆದ್ರೆ ಇಳಿತದಲ್ಲಿ ಮರಳದಿಣ್ಣೆ ಮೇಲೆ ಬರ್ತದೆ, ಮೀನಿನ ದೋಣಿಯವರ ದಾರಿಯೂ ಅದೇ. ಅವರಿಗೆ ದಾರಿ ಬಿಡ್ಬೇಕು, ಬಲೆ ಕಟ್ಟಿದಲ್ಲಿ ಹೋಗುದೇ ಬೇಡ, ಮಾಸ್ಟಿಗೆ ಬಲೆ ಸಿಕ್ಕಿದ್ರೆ ನೀವೂ ಹೋಯ್ತು ಬಲೆಯೂ ಹೋಯ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಯುದಿಲ್ಲ, ಆದ್ರೆ ಆಗ ಕಡಲಿನ ಹತ್ತಿರ ನೀವೂ ಹೋಗ್ಲಿಕ್ಕಿಲ್ಲ. ಸಮ ಗಾಳಿ, ಚಪ್ಪಟೆ ನೀರು ಬೇಕಾದವರು ಧನುಷ್ಕೋಡಿ ಕಡೆ ಹೋಗ್ತಾರೆ.

ಅರ್ಧಂಬರ್ಧ:
ಕೆಆರ್‌ಎಸ್ ಹಿನ್ನೀರು?

ಮುಲ್ಕಿ_ಅಳಿವೆ:
ಅದಕ್ಕೆ ಬೇರೆ ಥ್ರೆಡ್ ಹಾಕಿ.

ಬೋಲ್ಟು_ನಟ್ಟು:
ಆಳದ ಮಾತು ಬಂದದ್ದು ಒಳ್ಳೇದಾಯ್ತು, ಥರ್ಡ್ ಅವೆನ್ಯೂಗೂ ಅನ್ವಯಿಸುತ್ತೆ. 75ರ ಮಾಸ್ಟ್, ಅದರ ಕೆಳಗೆ ಫ್ಯೂಸೆಲಾಜ್ ಸೇರಿ ಬೋರ್ಡಿನಡಿ 80 ಸೆಂ.ಮೀ.ಗೂ ಜಾಸ್ತಿ. ನಿಮ್ಮ ಸೊಂಟದ ಮೇಲೆ ನೀರು ಬಾರದೆ ಬೋರ್ಡ್ ಹತ್ತಲೇಬೇಡಿ. ದೊಡ್ಡ ಇಳಿತದಲ್ಲಿ ಅಲ್ಲಿ ಕೆಸರು ದೂರದ ತನಕ. ಓಡೋವಾಗ ಕೆಳರೆಕ್ಕೆ ಕೆಸರಿಗೆ ತಗುಲಿದ್ರೆ ಬೋರ್ಡ್ ನಿಲ್ಲುತ್ತೆ, ನೀವು ನಿಲ್ಲಲ್ಲ. ಬಿದ್ದಾಗ ಫಾಯಿಲ್ ಅಂಚು ಸೇರಿದ್ರೆ ಹೊಲಿಗೆ ಹಾಕಿಸ್ಬೇಕು. ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್ ಬಿಡಬೇಡಿ.

ಪಡುಗಾಳಿ:
ಭರತ–ಇಳಿತದ ಪಟ್ಟಿ ನೋಡೋವಾಗ ಆಳ ಒಂದನ್ನೇ ನೋಡ್ಬೇಡಿ, ಹರಿವಿನ ದಿಕ್ಕೂ ನೋಡಿ. ದಕ್ಷಿಣ ಕೊಲ್ಲಿಯಲ್ಲಿ ಇಳಿತದ ನೀರು ವಾಯವ್ಯಕ್ಕೆ, ಅಂದ್ರೆ ಗಾಳಿಗೆ ಎದುರಾಗಿ ಹರಿಯುತ್ತೆ. ಅಲೆ ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಮೂತಿ ಏಳೋರಿಗೆ ಇದು ಇನ್ನೂ ಕಷ್ಟ. ಲಾಭ ಅಂದ್ರೆ ಗಾಳಿ ಬರೋ ಕಡೆಗೆ ಏರೋಕೆ ನೀರೇ ನೂಕುತ್ತೆ. ಭರತದಲ್ಲಿ ನೀರು ನುಣ್ಣಗೆ, ಆದ್ರೆ ಗಾಳಿ ನೀರು ಎರಡೂ ಸೇರಿ ಸ್ಯಾನ್ ಮಟಿಯೊ ಸೇತುವೆ ಕಡೆಗೆ ಒಯ್ಯುತ್ತೆ. ಏರೋಕೆ ಬಾರದವರು ಭರತದ ದಿನ ಮೊದಲ ಹತ್ತು ನಿಮಿಷ ದಡದಲ್ಲಿ ಒಂದು ಗುರುತು ಇಟ್ಕೊಂಡು ಅದರಿಂದ ಎಷ್ಟು ಕೆಳಗೆ ಸರಿದ್ರಿ ಅಂತ ನೋಡ್ಲಿ.

ಹಾಸನದ_ಹುಡುಗ:
ಗೋಲ್ಡನ್ ಗೇಟ್ ಹತ್ತಿರದ ಕ್ರಿಸ್ಸಿ ಫೀಲ್ಡ್‌ನಲ್ಲೂ ಇದೇ ಸಾಮಾನು ಕೊಡ್ತಾರಂತೆ, ಅಲ್ಲಿಗೆ ಹೋಗ್ಲಾ?

ನೀರ್ಕೋಳಿ:
ಬೇಡ. ಜೈಬ್ (ಗಾಳಿಗೆ ಬೆನ್ನು ಕೊಟ್ಟು ಬೋರ್ಡ್ ತಿರುಗಿಸೋದು) ಬರೋ ತನಕ ಬೇಡವೇ ಬೇಡ. ಅಲ್ಲಿ ಇಳಿತ ನಿಮ್ಮನ್ನ ಗೋಲ್ಡನ್ ಗೇಟ್ ಸೇತುವೆಯಾಚೆಗೆ ಎಳೆಯುತ್ತೆ, ಹಡಗಿನ ದಾರಿ ಎದುರಿಗೇ ಇದೆ. ಕಂಟೇನರ್ ಹಡಗು ನಿಮಗಾಗಿ ತಿರುಗಲ್ಲ, ಕಾನೂನಿನ ಪ್ರಕಾರವೂ ಕಿರಿದಾದ ಕಾಲುವೆಯಲ್ಲಿ ಅದಕ್ಕೆ ಅಡ್ಡ ಬರಬಾರದು. ಅಲ್ಲಿಗೆ ಹೋಗೋರು ವಿಎಚ್ಎಫ್ ರೇಡಿಯೊ ಇಟ್ಕೊಂಡು ಹೋಗ್ತಾರೆ, ಚಾನೆಲ್ 16.

ಹುಬ್ಬಳ್ಳಿ_ಮಂದಿ:
ಬಾಲದ ಮಾತು ಯಾರೂ ಆಡಲಿಲ್ಲಲ್ರಿ. ಮಾಸ್ಟ್ ಹಿಂದ ಸರಿಸಿದ್ರೂ ಮುಂಗಾಲು ಒತ್ತಿ ಒತ್ತಿ ತೊಡಿ ನೋವಾದ್ರ ಬಾಲಕ್ಕ ಶಿಮ್ ಹಾಕ್ರಿ. ಬಾಲದ ಕೆಳಗ ಸೇರಿಸೋ ಪ್ಲಾಸ್ಟಿಕ್ ಪಟ್ಟಿ, ಅರ್ಧ ಡಿಗ್ರಿ ಇಲ್ಲಾ ಒಂದು ಡಿಗ್ರಿ. ಬಾಲ ನೀರನ್ನ ಕೆಳಗ ಎಳ್ಯೋದು ಕಡಿಮಿ ಆದ್ರ ಮೂತಿ ಏರೋದೂ ಕಡಿಮಿ, ವೇಗ ಜಾಸ್ತಿ.

ಬೋಲ್ಟು_ನಟ್ಟು:
"ಬಾಲ ನೀರನ್ನ ಕೆಳಗೆ ಎಳೆಯೋದು" ಅಲ್ಲ, ನೀರು ಬಾಲವನ್ನ ಕೆಳಗೆ ಒತ್ತೋದು. ಉಳಿದದ್ದು ಸರಿ. ಆದ್ರೆ ಡೆಮೊ ದಿನ ಶಿಮ್ ಮುಟ್ಟಬೇಡಿ. ಹಾಕೋ ದಿಕ್ಕು ತಪ್ಪಿದ್ರೆ ಪರಿಣಾಮ ಉಲ್ಟಾ, ಕೆಲವಕ್ಕೆ ದಪ್ಪ ತುದಿ ಮುಂದೆ, ಕೆಲವಕ್ಕೆ ಹಿಂದೆ. ಒಂದು ದಿನಕ್ಕೆ ಒಂದು ಬದಲಾವಣೆ ಸಾಕು.

ಹುಬ್ಬಳ್ಳಿ_ಮಂದಿ:
ಆತು ಗುರುಗಳ. 🙏

ನೀರ್ಕೋಳಿ:
ನಿಮ್ಮದೇ ಬೋರ್ಡ್ ಅಂದ್ರಲ್ಲ, ವೆಂಟ್ ಸ್ಕ್ರೂ ನೋಡಿದ್ದೀರಾ? ಕಾರಲ್ಲಿ ಬಿಸಿಲಿಗೆ ಇದ್ದಾಗ ಒಳಗಿನ ಗಾಳಿ ಹಿಗ್ಗಿ ಡೆಕ್ ಉಬ್ಬಬಾರದು ಅಂತ ಸಡಿಲ ಮಾಡ್ತಾರೆ. ನೀರಿಗೆ ಇಳಿಯೋ ಮುಂಚೆ ಬಿಗಿ ಮಾಡೋದು ಮರೀತಾರೆ. ಒಂದು ಗಂಟೆಯಲ್ಲಿ ಬೋರ್ಡ್ ಎರಡು ಕೆಜಿ ಭಾರ, ಬೈಗುಳ ಡೆಮೊ ಫಾಯಿಲ್‌ಗೆ.

ಹಾಸನದ_ಹುಡುಗ:
ಹಾಗಾದ್ರೆ ಹೀಗೆ ಮಾಡ್ತೀನಿ, ತಪ್ಪಿದ್ರೆ ಹೇಳಿ. 2:30ಕ್ಕೆ ಮೂರೂ ಮೇಲ್ರೆಕ್ಕೆ ಊದಿ, ಅದ್ದಿ, ಗೇಜ್ ನೋಡಿ, ಹುಲ್ಲಿನ ಮೇಲೆ ಎಳೆದು ನೋಡೋದು. 1700 ಹಾಕಿ ಬೂಮ್ 5.0 ಜೊತೆ ಮಾಸ್ಟ್ ಜಾಗ ಹೊಂದಿಸೋದು, 3:15ರ ತನಕ. ಆಮೇಲೆ ಹಿಡಿಕೆ 5.0 ಇಪ್ಪತ್ತು ನಿಮಿಷ, ಮತ್ತೆ ಬೂಮ್ 5.0 ಹತ್ತು ನಿಮಿಷ. 4ಕ್ಕೆ ದಡಕ್ಕೆ ಬಂದು 1250 ಹಾಕಿ, ಗಾಳಿ ಬಲಿತಿದ್ರೆ 4.2.

ಪಡುಗಾಳಿ:
ಒಂದು ತಿದ್ದುಪಡಿ. 4ರ ನಂತರ ಕೆಳರೆಕ್ಕೆ, ಮೇಲ್ರೆಕ್ಕೆ ಎರಡೂ ಒಟ್ಟಿಗೆ ಬದಲಿಸ್ತಿದ್ದೀರಿ. ಮೊದಲ ಐದು ನಿಮಿಷ 1250 ಜೊತೆ ಅದೇ 5.0 ಹಿಡೀರಿ, ಏಳುತ್ತಾ ಇಲ್ವಾ ನೋಡಿ. ಆಮೇಲೆ 4.2. ತೋಳು ಸೋತಿದ್ರೆ ಅಲ್ಲಿಗೇ ನಿಲ್ಲಿಸಿ. ಸುಸ್ತಾದ ಕಾಲಿಗೆ ಎಲ್ಲ ಫಾಯಿಲೂ ಕೆಟ್ಟದ್ದೇ.

ಅರ್ಧಂಬರ್ಧ:
ಹಳೇದು ಅಗ್ಗಕ್ಕೆ ಸಿಕ್ರೆ ಡೆಮೊನೇ ಬೇಡವಲ್ಲ?

ಬೋಲ್ಟು_ನಟ್ಟು:
2019-20ರ ಮೊದಲ ತಲೆಮಾರಿನ ವಿಂಗ್ ಪುಕ್ಕಟೆ ಕೊಟ್ರೂ ಯೋಚಿಸಿ, ಬಟ್ಟೆ ಹಿಗ್ಗಿ ಜೋಲಾಡ್ತಿರುತ್ತೆ. ಅದರ ಈಚಿನದಾದ್ರೆ ಊದಿ ಒಂದು ಗಂಟೆ ಬಿಟ್ಟು ಗೇಜ್ ನೋಡಿ, ಮುಂದಿನ ಕೊಳವೆಯ ಹೊಲಿಗೆ, ವಾಲ್ವಿನ ಸುತ್ತ, ಪಾರದರ್ಶಕ ಕಿಟಕಿಯ ಮಡಿಕೆ ನೋಡಿ. ಫಾಯಿಲ್ ಆದ್ರೆ ಪೂರ್ತಿ ಜೋಡಿಸಿ ಕೆಳರೆಕ್ಕೆಯ ಎರಡು ತುದಿ ಹಿಡಿದು ತಿರುಚಿ. ಟಕ್ ಟಕ್ ಅಂದ್ರೆ ಫ್ಯೂಸೆಲಾಜ್ ಕೂಡಿಕೆ ಸವೆದಿದೆ. ಒಂದು ಮರಳುಕಾಳು ಸಿಕ್ಕಿದ್ರೂ ಹಾಗೇ ಸದ್ದು ಬರುತ್ತೆ, ತೊಳೆದು ಇನ್ನೊಂದು ಸಲ ನೋಡಿ.

ಹಾಸನದ_ಹುಡುಗ:
ಕೊನೇ ಪ್ರಶ್ನೆ. ಬೋಲ್ಟ್ ಬಿಚ್ಚೋ ಕೀ ಅವರೇ ಕೊಡ್ತಾರೆ ಅಲ್ವಾ?

ಬೋಲ್ಟು_ನಟ್ಟು:
ಕೊಡ್ತಾರೆ, ನೂರು ಜನ ತಿರುಗಿಸಿ ತುದಿ ಉರುಟಾದ ಕೀ. ನಿಮ್ಮದೇ ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ ಕೀ) ಟಿ30, ಟಿ40 ಎರಡೂ ತಗೊಂಡ್ಹೋಗಿ. ಸಾಮಾನ್ಯವಾಗಿ ಎಂ6ಕ್ಕೆ 30, ಎಂ8ಕ್ಕೆ 40. ತಲೆಯ ಗುಳಿಯಲ್ಲಿ ಮರಳಿದ್ರೆ ಮೊದಲು ಕೆದಕಿ, ಕೀ ತಳ ಮುಟ್ಟಿದ ಮೇಲೆ ತಿರುಗಿಸಿ. ಎಲ್ಲ ಬೋಲ್ಟನ್ನೂ ಅರ್ಧ ಹಾಕಿ, ಆಮೇಲೆ ಮೂಲೆಯಿಂದ ಮೂಲೆಗೆ ಬಿಗಿ. ಸ್ಟೀಲ್ ಬೋಲ್ಟು, ಅಲ್ಯುಮಿನಿಯಂ ಮಾಸ್ಟು, ಉಪ್ಪುನೀರು ಮೂರೂ ಸೇರಿದ್ರೆ ಕಚ್ಕೊಂಡು ಬಿಡುತ್ತೆ, ಅದಕ್ಕೆ ಒಂದು ಚಿಟಿಕೆ ಟೆಫ್-ಜೆಲ್ ಅನ್ನೋ ಪೇಸ್ಟ್ ಸವರಿ.

ಹಾಸನದ_ಹುಡುಗ:
ಟಿ30 ಇದೆ. ಟಿ40 ಯಾರ ಹತ್ರ ಎಕ್ಸ್‌ಟ್ರಾ ಇದೆ?

ಹುಬ್ಬಳ್ಳಿ_ಮಂದಿ:
ನನ್ನ ಕಡೆ ಎರಡದಾವ. ಶನಿವಾರ 2 ಗಂಟೆಗೆ ಪಾರ್ಕಿಂಗ್‌ನ್ಯಾಗ ಇಸ್ಕೊಳ್ರಿ, ಹೊಳ್ಳಿ ಕೊಡೋದು ಮರೀಬ್ಯಾಡ್ರಿ.